ಹೊತ್ತು ಮುಳುಗುವುದರೊಳಗೆ ತಣಿದ ಹರಳುಗಳು

ಅವರನ್ನು ನಾನು ಮೊದಲು ಕಂಡದ್ದು ಮೂಡಲಗಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ. ಕಂಡು, ದನದ ಡಾಕ್ಟರೆಂದು ತಿಳಿದೆ. ನಾನೊಬ್ಬನೇ ಅಲ್ಲ, ಬಸ್ಸಿನಲ್ಲಿದ್ದ ಬಹುತೇಕರು ಹಾಗೆಯೇ ತಿಳಿದಿದ್ದರು. ಅದಕ್ಕೆ ಕಾರಣ ಅವರ ಮೊಣಕಾಲುಗಳ ನಡುವೆ ನಿಂತಿದ್ದ ಅಲ್ಯೂಮಿನಿಯಂ ಕ್ಯಾನು. ಇಕ್ಕಟ್ಟಾದ ಕೊರಳು, ಅದರ ಮೇಲೆ ಸಡಿಲವಾಗಿ ಕುಳಿತ ಬೂಚು, ಬೂಚಿನ ಅಂಚಿನಿಂದ ಎಳೆಯೆಳೆಯಾಗಿ ಇಳಿಯುವ ಬಿಳಿಯ ಮಂಜು. ಹೋರಿಯ ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಹಳ್ಳಿಯಿಂದ ಹಳ್ಳಿಗೆ ಒಯ್ಯುವ ಇಂಥ ಕ್ಯಾನು ನಮ್ಮ ಕಡೆಯ ರೈತರಿಗೆಲ್ಲ ಪರಿಚಿತ. ಅವರ ಪಕ್ಕದಲ್ಲಿ ಮೇಲವಂಕಿಯ ಹಿರಿಯರೊಬ್ಬರು ಕುಳಿತಿದ್ದರು. ಸ್ವಲ್ಪ ಹೊತ್ತು ಕ್ಯಾನನ್ನೂ ಅವರನ್ನೂ ನೋಡಿ, ಕೊನೆಗೆ ಕೇಳಿಯೇಬಿಟ್ಟರು.

"ಡಾಕ್ಟರ್ ಸಾಹೇಬ್ರ, ನಮ್ಮ ಎಮ್ಮಿ ನಿನ್ನಿಯಿಂದ ಒದರಾಕತ್ತೈತ್ರಿ. ಹ್ಯಾಂಗೂ ಕ್ಯಾನ್ ತಂದೀರಿ, ಒಂದೀಟ ಮನೀಗಿ ಬಂದ ಹೋಗ್ರಲ್ಲ."

"ನಾ ಡಾಕ್ಟರ್ ಅಲ್ರಿ ಯಜಮಾನ್ರ, ಕಾಲೇಜಿನ್ಯಾಗ ಮಾಸ್ತರ ಅದೇನಿ. ಇದರಾಗ ಹೋರೀದೇನೂ ಇಲ್ರಿ. ಬರೇ ಥಂಡಿ ಐತಿ."

"ಇಂಥಾ ಚಳಿಯಾಗ ಥಂಡೀ ತುಂಬ್ಕೊಂಡ ಹೊಂಟೀರ್ಯಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ತಡವಾಗಿ ನಗಲು ಶುರುಮಾಡಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅವರೇ.

ಇದು ನಡೆದದ್ದು ೧೯೯೫ರ ಮಾರ್ಗಶಿರದಲ್ಲಿ. ಮೊದಲು ೧೯೯೪ ಎಂದು ಬರೆದು ಹೊಡೆದುಹಾಕಿದ್ದೇನೆ. ಅದೇ ಪ್ರಯಾಣದಲ್ಲಿ ಅವರು, ಆ ವರ್ಷದ ದೀಪಾವಳಿಯ ಹೊತ್ತಿನಲ್ಲಿ ಬಂದ ಸೂರ್ಯಗ್ರಹಣವನ್ನು ರಟ್ಟಿನ ತೂತಿನ ಮೂಲಕ ವಿದ್ಯಾರ್ಥಿಗಳಿಗೆ ತೋರಿಸಿದ ಕಥೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಗ್ರಹಣ ೧೯೯೫ರ ಅಕ್ಟೋಬರಿನದು. ಗ್ರಹಣಗಳು ಸುಳ್ಳು ಹೇಳುವುದಿಲ್ಲ, ನೆನಪು ಹೇಳುತ್ತದೆ. ಸಂಶೋಧನೆಯಿಂದ ನಿವೃತ್ತನಾದ ಮೇಲೂ ತಾರೀಖುಗಳನ್ನು ತಾಳೆ ನೋಡುವ ಈ ಚಟ ನನ್ನನ್ನು ಬಿಟ್ಟಿಲ್ಲ. ಈ ಬರಹದಲ್ಲಿ ಅದು ಅಲ್ಲಲ್ಲಿ ತಲೆಹಾಕಿದರೆ ಓದುಗರು ಸಹಿಸಿಕೊಳ್ಳಬೇಕು. ಅವರ ವಿಷಯದಲ್ಲಿ ತಾರೀಖುಗಳು ಬರಿಯ ಅಲಂಕಾರವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಅವರ ಹೆಸರನ್ನು ಬರೆಯುತ್ತಿಲ್ಲ. ವಿದ್ಯಾರ್ಥಿಗಳಿಗೆ ಸರ್, ತಾಯಿಗೆ ಬಾಳಾ, ಮೂಡಲಗಿಯ ಬಸ್ಸಿಗೆ ಡಾಕ್ಟರ್ ಸಾಹೇಬ್ರು. ಒಬ್ಬ ಮನುಷ್ಯನಿಗೆ ಇಷ್ಟು ಹೆಸರು ಸಾಕೆಂದು ಅವರೇ ಒಮ್ಮೆ ಹೇಳಿದ್ದುಂಟು.

ನನ್ನೂರು ಮಸಗುಪ್ಪಿ. ಒಕ್ಕಲುತನದ ಮನೆಯಿಂದ ಹೊರಟು, ಆಗ ಬೆಂಗಳೂರಿನ ಸಂಶೋಧನಾಲಯವೊಂದರಲ್ಲಿ ಹರಳು ಬೆಳೆಸುವ ಕೆಲಸದಲ್ಲಿದ್ದೆ. ರಜೆಗೆಂದು ಊರಿಗೆ ಬಂದಿದ್ದೆ. ಕ್ಯಾನಿನಲ್ಲಿರುವ ಥಂಡಿ ಯಾತಕ್ಕೆ ಎಂದು ಕೇಳಿದಾಗ ಅವರು ಅಂಗಿಯ ಕಿಸೆಯಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು, ಅಂಗೈ ಅಡ್ಡ ಹಿಡಿದು ಗಾಳಿ ತಡೆದು, ಅರ್ಧ ತೆರೆದು ತೋರಿಸಿದರು. ಹತ್ತಿಯ ಮೇಲೆ ಉಗುರಿನ ಚೂರಿನಷ್ಟು ದೊಡ್ಡದಾದ, ಕನ್ನಡಿಯಂತೆ ಹೊಳೆಯುವ ಕಪ್ಪು ಹರಳು. ಅದನ್ನು ಬೆಳೆಸಿದವನು ನಾನಲ್ಲ, ಆದರೆ ಅದರ ಅಣ್ಣತಮ್ಮಂದಿರನ್ನು ಎಷ್ಟೋ ಬೆಳೆಸಿದ್ದೆ. ಗೋಕಾಕ ಬರುವುದರೊಳಗೆ ನಾವಿಬ್ಬರೂ ಒಂದೇ ಕಸುಬಿನವರೆಂದು ತಿಳಿಯಿತು. ಅಂದಿನಿಂದ ಅವರಿಗೆ ಬೇಕಾದ ಹರಳುಗಳನ್ನು ನಾನೇ ಒದಗಿಸತೊಡಗಿದೆ.

ಆ ಹರಳಿನ ವಿಷಯ ಎರಡು ಮಾತು ಹೇಳಬೇಕು. ಬಿಸ್ಮತ್, ತಾಮ್ರ, ಆಮ್ಲಜನಕ ಮೊದಲಾದವು ಸೇರಿದ ಈ ವಸ್ತುವನ್ನು ಸಾಕಷ್ಟು ತಣಿಸಿದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ, ಇದೇ ಅತಿವಾಹಕತೆ. ಹಳೆಯ ಅತಿವಾಹಕಗಳಿಗೆ ದ್ರವ ಹೀಲಿಯಂ ಬೇಕಾಗುತ್ತಿತ್ತು. ೧೯೮೬ರ ನಂತರ ಬಂದ ಈ ಹೊಸ ಬಗೆಯ ಹಲವಕ್ಕೆ ದ್ರವ ಸಾರಜನಕದ ತಂಪೇ ಸಾಕು. ಮೂಡಲಗಿಯ ದನದ ದವಾಖಾನೆಯಲ್ಲಿ ಸಿಗುವ ತಂಪಿನಿಂದಲೇ ಜಗತ್ತಿನ ಹೊಸ ಭೌತಶಾಸ್ತ್ರವನ್ನು ಮಾಡಬಹುದಾದ ಕಾಲ ಅದು. ಅಲ್ಲಿಯ ಕಂಪೌಂಡರರು ವಾರಕ್ಕೊಮ್ಮೆ ತಮ್ಮ ಪಾಲಿನಲ್ಲಿ ಉಳಿದದ್ದನ್ನು ಇವರ ಕ್ಯಾನಿಗೆ ಸುರಿಯುತ್ತಿದ್ದರು.

ಇನ್ನೊಂದು ವಿಶೇಷವೆಂದರೆ ಈ ಹರಳು ಪದರ ಪದರವಾಗಿರುತ್ತದೆ. ತಾಮ್ರ ಮತ್ತು ಆಮ್ಲಜನಕದ ತೆಳು ಹಾಳೆಗಳಲ್ಲಿ ವಿದ್ಯುತ್ತು ಸರಾಗವಾಗಿ ಓಡಾಡುತ್ತದೆ. ಒಂದು ಹಾಳೆಯಿಂದ ಮತ್ತೊಂದಕ್ಕೆ ದಾಟುವುದು ಮಾತ್ರ ಬಲು ಕಷ್ಟ. ನಮ್ಮ ನಿಮ್ಮಂತೆ ಮೂರು ಆಯಾಮಗಳಲ್ಲಿರುವ ವಸ್ತು ಎರಡೇ ಆಯಾಮಗಳಲ್ಲಿ ಬದುಕುತ್ತಿರುವಂತೆ ವರ್ತಿಸುತ್ತದೆ. ಹಾಳೆಯ ಉದ್ದಕ್ಕೆ ಎಷ್ಟು ರೋಧ, ಹಾಳೆಗೆ ಅಡ್ಡಲಾಗಿ ಎಷ್ಟು ರೋಧ, ಎರಡರ ನಡುವಿನ ಪ್ರಮಾಣ ಎಷ್ಟು ಎಂದು ಅಳೆದರೆ ಹರಳು ಎಷ್ಟರಮಟ್ಟಿಗೆ ಎರಡು ಆಯಾಮದ್ದೆಂದು ತಿಳಿಯುತ್ತದೆ. ಅವರ ಪಿಎಚ್‌.ಡಿ. ವಿಷಯ ಇದೇ.

ತರಗತಿಯಲ್ಲಿ ಇದನ್ನು ಹೇಳಲು ಅವರು ಮನೆಯಿಂದ ಖಡಕ್ ರೊಟ್ಟಿಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಒಣಗಿದ ಜೋಳದ ರೊಟ್ಟಿಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಒಟ್ಟಿ, ಒಂದು ಇರುವೆ ಒಂದೇ ರೊಟ್ಟಿಯ ಮೇಲೆ ಎಷ್ಟು ಬೇಗ ಓಡಾಡುತ್ತದೆ, ಕೆಳಗಿನ ರೊಟ್ಟಿಗೆ ಇಳಿಯಬೇಕಾದರೆ ಎರಡೂ ಎಲ್ಲಿ ತಾಗಿವೆಯೆಂದು ಎಷ್ಟು ಹುಡುಕಬೇಕು ಎಂದು ವಿವರಿಸುವರು. ಪಾಠ ಮುಗಿದ ಮೇಲೆ ಉಪಕರಣವನ್ನು ವಿದ್ಯಾರ್ಥಿಗಳು ಶೇಂಗಾ ಚಟ್ನಿಯೊಂದಿಗೆ ತಿಂದುಬಿಡುತ್ತಿದ್ದರು. ಚಟ್ನಿಯನ್ನೂ ಅವರೇ ತಂದಿರುತ್ತಿದ್ದರು.

ಇರುವೆಯ ಉದಾಹರಣೆ ಅವರಿಗೆ ಸಹಜವಾಗಿ ಬಂದದ್ದು. ಹುಕ್ಕೇರಿಯ ಜೈನ ಮನೆತನದವರು. ಕುಳಿತುಕೊಳ್ಳುವ ಮೊದಲು ಕರವಸ್ತ್ರದಿಂದ ಆಸನವನ್ನು ಮೆಲ್ಲಗೆ ಸವರಿ ನೋಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಇತ್ತು. ದ್ರವ ಸಾರಜನಕ ಸುರಿಯುವಾಗ ಒಂದಿಷ್ಟು ನೆಲಕ್ಕೆ ಚೆಲ್ಲುವುದು ಸಾಮಾನ್ಯ. ಚೆಲ್ಲಿದ ಕಡೆ ಇರುವೆಯಿದ್ದರೆ ಅದು ಆ ಕ್ಷಣದಲ್ಲೇ ಗಾಜಿನಂತಾಗಿಬಿಡುತ್ತದೆ. ಆದ್ದರಿಂದ ಅವರು ಕ್ಯಾನು ತೆರೆಯುವ ಮೊದಲು ಕೋಣೆಯ ಹೊಸ್ತಿಲಾಚೆ ಚಿಟಿಕೆ ಸಕ್ಕರೆ ಉದುರಿಸಿ, ಇರುವೆಗಳೆಲ್ಲ ಅತ್ತ ಹೋಗುವವರೆಗೆ ಸ್ಟೂಲಿನ ಮೇಲೆ ಕಾಯುತ್ತ ಕೂರುತ್ತಿದ್ದರು. ನಾನು ಒಮ್ಮೆ ಅವಸರಪಡಿಸಿದೆ. "ಅವಕ್ಕ ಇನ್ನೂ ಸುದ್ದಿ ಮುಟ್ಟಿಲ್ರಿ, ತಡೀರಿ" ಎಂದರು.

ಅವರ ಪ್ರಯೋಗಶಾಲೆ ಎಂದರೆ ಗೋಕಾಕದ ಕಾಲೇಜಿನ ಭೌತಶಾಸ್ತ್ರ ವಿಭಾಗದ ಹಿಂದಿನ ಸಣ್ಣ ಕೋಣೆ. ಅಳೆಯುವ ಸೂಕ್ಷ್ಮ ಯಂತ್ರಗಳು ವಿಶ್ವವಿದ್ಯಾಲಯದಲ್ಲಿದ್ದ ಮಾರ್ಗದರ್ಶಕರು ಎರವಲು ಕೊಟ್ಟವು. ಉಳಿದದ್ದೆಲ್ಲ ಸ್ವಂತ ಕೈಕೆಲಸ. ಒಂದು ಪೊಳ್ಳು ಲೋಹದ ಕೋಲು, ಅದರ ತುದಿಯಲ್ಲಿ ಹರಳು, ಹರಳಿಗೆ ಬೆಳ್ಳಿಯ ಬಣ್ಣದಿಂದ ಅಂಟಿಸಿದ ಕೂದಲೆಳೆಯಂಥ ತಂತಿಗಳು. ಕೋಲಿನ ಮೇಲ್ತುದಿಗೆ ಒಂದು ದಾರ. ದಾರವನ್ನು ಸಡಿಲ ಬಿಡುತ್ತ ಕೋಲನ್ನು ಕ್ಯಾನಿನ ಕೊರಳಿನೊಳಗೆ ಬೆರಳಿನಗಲ ಬೆರಳಿನಗಲವಾಗಿ ಇಳಿಸುವುದು. ಕೆಳಗೆ ಸಾರಜನಕ, ಮೇಲೆ ಅದರ ತಣ್ಣನೆಯ ಆವಿ. ಕೋಲು ಇಳಿದಂತೆ ಹರಳು ತಣಿಯುತ್ತದೆ. ಎಷ್ಟು ನಿಧಾನವಾಗಿ ತಣಿಯುತ್ತದೆ ಎಂಬುದು ಪೂರ್ತಿ ಅವರ ಕೈಯಲ್ಲಿತ್ತು. ಈ ಮಾತನ್ನು ಓದುಗರು ನೆನಪಿಡಬೇಕು.

ಹರಳುಗಳಿಗೆ ನಾವು ಅಂಕಿಗಳನ್ನು ಕೊಡುತ್ತೇವೆ. ಅವರು ಹಬ್ಬಗಳ ಹೆಸರು ಕೊಡುತ್ತಿದ್ದರು. ಯಾವ ಹಬ್ಬದ ಆಸುಪಾಸಿನಲ್ಲಿ ಹರಳನ್ನು ಮೊದಲು ತಣಿಸಿದರೋ ಆ ಹೆಸರು: ಯುಗಾದಿಯ ಹರಳು, ಎಳ್ಳಮಾಸಿಯ ಹರಳು, ಕಾರಹುಣ್ಣಿಮೆಯ ಹರಳು. ವೈಶಾಖದ ಒಂದು ಹರಳನ್ನು ಅವರು ಅಕ್ಷಯ ತದಿಗೆಯದೆನ್ನುತ್ತಿದ್ದರು, ಬಸವಣ್ಣನವರನ್ನು ಪೂಜಿಸುವ ಮನೆಯವನಾದ ನಾನು ಬಸವ ಜಯಂತಿಯದೆನ್ನುತ್ತಿದ್ದೆ. ಎರಡೂ ಒಂದೇ ದಿನ ಬರುವುದರಿಂದ ನಮ್ಮ ನಡುವೆ ಗೊಂದಲವಾಗಲಿಲ್ಲ. ಅವರ ಮಾರ್ಗದರ್ಶಕರಿಗೆ ಮಾತ್ರ ಆಗುತ್ತಿತ್ತು.

ಅವರು ಮದುವೆಯಾಗಿರಲಿಲ್ಲ. ಕಾಲೇಜಿನಿಂದ ಹತ್ತು ನಿಮಿಷದ ದಾರಿಯಲ್ಲಿ ಬಾಡಿಗೆಯ ಮನೆ, ಮನೆಯಲ್ಲಿ ತಾಯಿ. ಅವರು ತಾಯಿಯನ್ನು ಆಯಿ ಎನ್ನುತ್ತಿದ್ದರು. ನಾನು ಕಾಕೂ ಎನ್ನುತ್ತಿದ್ದೆ. ಕನ್ನಡದಲ್ಲಿ ಶುರುವಾದ ಮಾತನ್ನು ಮರಾಠಿಯಲ್ಲಿ ಮುಗಿಸುವ, ಸಣ್ಣ ಆಳಿನ, ಕಣ್ಣು ಚುರುಕಾದ ಹೆಂಗಸು. ಕಾಕೂ ಹೊತ್ತು ಮುಳುಗಿದ ಮೇಲೆ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಅವರ ಮನೆತನದಲ್ಲಿ ಅದು ವಿಶೇಷವೇನಲ್ಲ, ಮಗನೂ ಅದನ್ನೇ ಪಾಲಿಸುತ್ತಿದ್ದರು. ವಿಶೇಷವೆಂದರೆ ಮಗ ಉಣ್ಣದ ಹೊರತು ತಾವೂ ಉಣ್ಣುತ್ತಿರಲಿಲ್ಲ. ತಡವಾಗಿ ಬಂದ ದಿನ ತಾನು ಉಪವಾಸವಿರುವುದು ಮಗನಿಗೆ ಕಷ್ಟವಾಗಿರಲಿಲ್ಲ. ಆದರೆ ಆ ದಿನ ತಾಯಿಯೂ ಬರಿಹೊಟ್ಟೆಯಲ್ಲಿ ಮಲಗುತ್ತಿದ್ದರು. ಅಂಥ ದಿನಗಳು ಬಾರದಂತೆ ನೋಡಿಕೊಳ್ಳುವುದೇ ಅವರ ದಿನಚರಿಯ ಮೊದಲ ನಿಯಮವಾಗಿತ್ತು. ಮುಂಜಾನೆ ಪಾಠ, ಮಧ್ಯಾಹ್ನ ಪ್ರ್ಯಾಕ್ಟಿಕಲ್, ಅದು ಮುಗಿದ ಮೇಲೆ ಹರಳು, ಹೊತ್ತು ಮುಳುಗುವುದರೊಳಗೆ ಮನೆ.

ಹಲವು ವರ್ಷಗಳ ಅಳತೆಯಿಂದ ಅವರಿಗೊಂದು ಸೊಗಸಾದ ಫಲಿತಾಂಶ ಸಿಕ್ಕಿತ್ತು. ಹರಳುಗಳು ಎರಡು ಗುಂಪಾಗಿ ಒಡೆದುಕೊಂಡವು. ಒಂದು ಗುಂಪಿನಲ್ಲಿ ಅಡ್ಡ ರೋಧ ಹೆಚ್ಚು. ಇನ್ನೊಂದರಲ್ಲಿ ಹೆಚ್ಚೆಂಬ ಮಾತೇ ಸಾಲದು, ಹಾಳೆಗಳು ಒಂದನ್ನೊಂದು ಗುರುತೇ ಹಿಡಿಯದಂತೆ ಬೇರೆ ಬೇರೆ. ಒಂದೇ ಬಗೆಯ ವಸ್ತು, ಎರಡು ಬಗೆಯ ನಡತೆ. ಹರಳಿನೊಳಗಿನ ಆಮ್ಲಜನಕದ ಪ್ರಮಾಣ ಏರುಪೇರಾದರೆ ಹಾಳೆಗಳ ನಡುವಿನ ನಂಟು ಸಡಿಲವಾಗುವುದೋ ಬಿಗಿಯಾಗುವುದೋ ಉಂಟು. ಆದ್ದರಿಂದ ಎರಡನೆಯ ಗುಂಪಿನಲ್ಲಿ ಆಮ್ಲಜನಕ ಕಡಿಮೆ ಎಂದು ಅವರು ವಾದಿಸಿದರು. ವಾದ ಬಿಗಿಯಾಗಿತ್ತು. ಮಾರ್ಗದರ್ಶಕರು ಒಪ್ಪಿದರು, ಹರಳು ಬೆಳೆಸಿದ ನಾನೂ ಒಪ್ಪಿದೆ. ಪ್ರಬಂಧ ಟೈಪಾಯಿತು. ನೋಂದಣಿಯ ಅವಧಿ ಮುಂದಿನ ಬೇಸಿಗೆಗೆ ಮುಗಿಯುವುದಿತ್ತು; ಇದ್ದ ವಿಸ್ತರಣೆಗಳನ್ನೆಲ್ಲ ಅವರು ಆಗಲೇ ಪಡೆದಾಗಿತ್ತು. ಸಲ್ಲಿಸುವುದೊಂದೇ ಬಾಕಿ. ಕಾಕೂ ಓಣಿಯಲ್ಲಿ ಸಿಕ್ಕವರಿಗೆಲ್ಲ ಮಗ ಖರೆ ಖರೆ ಡಾಕ್ಟರಾಗುವ ಸುದ್ದಿ ಹೇಳಿಬಿಟ್ಟಿದ್ದರು.

ನಾನು ಆ ಮನೆಗೆ ಊಟಕ್ಕೆ ಹೋದದ್ದು ಆಗ. ೧೯೯೮ರ ಡಿಸೆಂಬರು. ಈ ತಾರೀಖಿಗೂ ಗ್ರಹಣದ ಆಧಾರವಿದೆ, ಅದನ್ನು ಮುಂದೆ ಹೇಳುತ್ತೇನೆ. ಹೊರಗೆ ಇನ್ನೂ ಬಿಸಿಲಿರುವಾಗಲೇ ರಾತ್ರಿಯೂಟಕ್ಕೆ ಕೂರುವುದು ನನಗೆ ರೂಢಿಯಿಲ್ಲ. ಕಾಕೂ ಬಿಸಿರೊಟ್ಟಿ ಬಡಿಸುತ್ತ, ನಾನು ಕಡಿಮೆ ಉಣ್ಣುತ್ತೇನೆಂದು ದೂರುತ್ತಿದ್ದರು. ಅವರು ಆಗಷ್ಟೇ ಕಾಲೇಜಿನಿಂದ ಬಂದು, ಏದುಸಿರು ಬಿಡುತ್ತ ಕೈಕಾಲು ತೊಳೆದು ಕುಳಿತಿದ್ದರು.

"ನೋಡ ತಮ್ಮಾ ನಿಮ್ಮ ದೋಸ್ತನ್ನ," ಎಂದರು ಕಾಕೂ. "ಬ್ಯಾಸಗ್ಯಾಗ ಮಹಾರಾಜನಂಗ ನಡ್ಕೋಂತ ಬರ್ತಾನ. ಚಳಿಗಾಲ ಬಂತಂದ್ರ ನಾಯಿ ಬೆನ್ನ ಹತ್ತಿದಂಗ ಓಡ್ಕೋಂತ ಬರ್ತಾನ. ಹೊತ್ತೇನ ಇವನ ಮ್ಯಾಲೆ ಸಿಟ್ಟಾಗಿ ಲಗೂ ಮುಳಗತೈತೇನ?"

ನಾನು ನಕ್ಕೆ. ಅವರು ನಗಲಿಲ್ಲ. ರೊಟ್ಟಿಯ ತುಂಡು ಹಿಡಿದ ಕೈ ಪಲ್ಯದ ಮೇಲೆ ಹಾಗೆಯೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ತುಂಡನ್ನು ಬಾಯಿಗಿಟ್ಟುಕೊಂಡು, ಎಂದಿನಂತೆ ಊಟ ಮುಗಿಸಿದರು. ಘಟಪ್ರಭಾ ಸ್ಟೇಷನ್ನಿಗೆ ಹೋಗುವ ಬಸ್ಸಿನವರೆಗೆ ನನ್ನನ್ನು ಕಳಿಸಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡರು.

ದಾರಿಯಲ್ಲಿ ಅವರು ಹಬ್ಬಗಳ ಹೆಸರು ಹೇಳತೊಡಗಿದರು. ಹಾಳೆಗಳು ತೀರಾ ಬೇರೆಯಾಗಿ ವರ್ತಿಸಿದ ಹರಳುಗಳು ಯಾವುವು? ಕಾರ್ತೀಕದ ಗೌರಿ ಹುಣ್ಣಿಮೆಯದು, ಎಳ್ಳಮಾಸಿಯದು, ಸಂಕ್ರಮಣದ್ದು. ಸೌಮ್ಯವಾಗಿ ವರ್ತಿಸಿದವು? ಯುಗಾದಿಯದು, ಮಹಾವೀರ ಜಯಂತಿಯದು, ಕಾರಹುಣ್ಣಿಮೆಯದು. ಮುಂದೆ ಹೇಳಬೇಕಾದ್ದೇನೂ ಉಳಿಯಲಿಲ್ಲ. ಒಂದು ಗುಂಪು ಚಳಿಗಾಲ, ಇನ್ನೊಂದು ಬೇಸಿಗೆ. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಮನೆಗೆ ಬೇಗ ಮುಟ್ಟಬೇಕು. ದಾರ ಹಿಡಿದ ಕೈ ತನಗರಿವಿಲ್ಲದೆ ಬೇಗ ಬೇಗ ಸಡಿಲ ಬಿಡುತ್ತದೆ. ಥಟ್ಟನೆ ತಣಿದ ಹರಳಿನಲ್ಲಿ ಹಾಳೆಗಳ ನಡುವೆ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ಸೀಳನ್ನು ವಿದ್ಯುತ್ತು ದಾಟಲಾರದು. ನಾವು ಆಮ್ಲಜನಕದ ಕೊರತೆಯೆಂದು ಓದಿದ್ದು ಹಗಲಿನ ಕೊರತೆಯನ್ನು.

ನನ್ನ ಚಟ ನನ್ನನ್ನು ಸುಮ್ಮನಿರಗೊಡಲಿಲ್ಲ. ಬಸವ ಜಯಂತಿಯ ಹರಳು ಬೇಸಿಗೆಯದಾದರೂ ಚಳಿಗಾಲದ ಗುಂಪಿನಲ್ಲಿದೆಯಲ್ಲ, ಅದು ಹೇಗೆ ಎಂದು ಕೇಳಿದೆ. ಒಂದು ಅಪವಾದ ಸಿಕ್ಕರೆ ಪ್ರಬಂಧ ಉಳಿದೀತೆಂಬ ಆಸೆ ನನಗೆ. ಅವರು ನಿಂತು ಯೋಚಿಸಿದರು.

"ಹಿಂದಿನ ದಿವಸ ಆಯಿ ಉಪವಾಸ ಇದ್ಲರಿ. ತದಿಗಿ ದಿವಸ ಆಕಿ ಬಾಯಾಗ ಒಂದ ತುತ್ತ ಬೀಳೂತನಕ ನನಗ ಸಮಾಧಾನ ಇರಲಿಲ್ಲ. ಪ್ರ್ಯಾಕ್ಟಿಕಲ್ಲಿನ ನಡುವ ತಣಸಿ, ಲಗೂ ಲಗೂ ಮುಗಿಸಿ ಓಡಿದ್ದೆ."

ಅಪವಾದವೂ ಸಾಕ್ಷಿಯಾಯಿತು.

ಆದರೂ ಪರೀಕ್ಷಿಸದೆ ಒಪ್ಪುವ ಮನುಷ್ಯರಲ್ಲ ಅವರು. ನಾನು ಆ ರಾತ್ರಿಯ ರೈಲು ಬಿಟ್ಟು ಊರಲ್ಲೇ ಉಳಿದೆ; ತಂದಿದ್ದ ಹೊಸ ಹರಳೊಂದನ್ನು ಬ್ಲೇಡಿನಿಂದ ಎರಡು ಮಾಡಿದೆವು. ಮುಂದಿನ ಭಾನುವಾರ ಬೆಳಿಗ್ಗೆ ಒಂದು ಅರ್ಧವನ್ನು ತೀರಾ ನಿಧಾನವಾಗಿ ಇಳಿಸಿದರು. ಮಧ್ಯಾಹ್ನ ಇನ್ನೊಂದು ಅರ್ಧವನ್ನು ತಮ್ಮ ಚಳಿಗಾಲದ ಕೈಯಿಂದ ಇಳಿಸಿದರು. ಒಂದೇ ಹರಳಿನ ಎರಡು ಚೂರು, ಆಮ್ಲಜನಕ ಬೇರೆಯಾಗಿರಲು ಸಾಧ್ಯವೇ ಇಲ್ಲ. ಮೊದಲನೆಯದು ಸೌಮ್ಯವಾಗಿ ವರ್ತಿಸಿತು. ಕೋಲು ಇಳಿಯುತ್ತಿರುವಾಗಲೇ ಎರಡನೆಯದರ ಅಡ್ಡ ರೋಧ ಒಮ್ಮೆಲೇ ಜಿಗಿಯಿತು. ಮಾಪಕದ ಮುಳ್ಳು ಜಿಗಿದದ್ದನ್ನು ನೋಡಿ ಅವರ ಮುಖದಲ್ಲಿ ಒಂದು ಬಗೆಯ ಬಿಡುಗಡೆ ಕಂಡಿತು. "ಈಗ ನಿಚ್ಚಳಾತ್ರಿ" ಎಂದು ಕೋಲನ್ನು ಮೇಲೆತ್ತಿ, ಒರೆಸಿ, ಮೂಲೆಗೆ ನಿಲ್ಲಿಸಿದರು.

ನಾನು ನನಗೆ ತಿಳಿದ ಲೋಕವ್ಯವಹಾರ ಹೇಳಿದೆ. ಪ್ರಬಂಧದ ಉಳಿದ ಭಾಗ ಗಟ್ಟಿಯಾಗಿದೆ, ಈಗ ಸಲ್ಲಿಸಿರಿ, ಪದವಿ ಬಂದ ಮೇಲೆ ತಿದ್ದುಪಡಿಯ ಲೇಖನ ಬರೆಯಬಹುದು. ಎಷ್ಟೋ ಜನ ಹಾಗೆ ಮಾಡಿದ್ದಾರೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು.

"ಗೊತ್ತಾಗೂ ತನಕ ಅದು ತಪ್ಪು ಇತ್ರಿ. ಈಗ ಗೊತ್ತಾತಲ್ಲ. ಇನ್ನ ಮ್ಯಾಲೆ ಅದು ಸುಳ್ಳು ಆಕ್ಕೈತಿ."

ಆಮೇಲೆ, ಇನ್ನೂ ಮೆಲ್ಲಗೆ ಹೇಳಿದರು:

"ನಿಮ್ಮ ಕಡೆಯಿಂದ ಒಂದ ಮಾತ ಬೇಕ ನನಗ. ಆಯಿಗೆ ಇದು ಗೊತ್ತಾಗಬಾರದು. ಗೊತ್ತಾತಂದ್ರ, ನೀ ನಿಂದ್ರಪಾ, ನಿನ್ನ ಕೆಲಸಾ ಮಾಡು ಅಂತಾಳ. ತಾ ಮಾತ್ರ ದಿನಾ ಉಪವಾಸ ಮಲಗ್ತಾಳ. ಪದವಿ ಹೋದ್ರ ಹೋಗ್ಲಿ. ಇದ ಆಗಬಾರದು."

ಮಾತು ಕೊಟ್ಟೆ. ಮಾರ್ಗದರ್ಶಕರಿಗೆ ಅವರು ತಿಳಿಸಿದ್ದು ಇಷ್ಟೇ: ತಣಿಸುವ ವೇಗ ನನ್ನ ಹತೋಟಿಯಲ್ಲಿರಲಿಲ್ಲ, ಅಳತೆಗಳನ್ನು ಹಿಂತೆಗೆದುಕೊಳ್ಳುತ್ತೇನೆ. ಯಾಕೆ ಹತೋಟಿಯಲ್ಲಿರಲಿಲ್ಲ ಎಂಬ ಪ್ರಶ್ನೆಗೆ ನನ್ನ ಅಜಾಗರೂಕತೆ ಎಂದರು. ಮಾರ್ಗದರ್ಶಕರು ಬಹಳ ನೊಂದುಕೊಂಡರು, ಅದಕ್ಕಿಂತ ಹೆಚ್ಚಾಗಿ ಸಿಟ್ಟಾದರು. ಹಲವು ವರ್ಷಗಳ ಅಳತೆಯನ್ನು ಮತ್ತೆ ಮಾಡಲು ಕಾಲವಿರಲಿಲ್ಲ; ಬೇಸಿಗೆ ಬಂತು, ನೋಂದಣಿ ತಾನಾಗಿಯೇ ರದ್ದಾಯಿತು. ಕಾಕೂ ಓಣಿಯವರಿಗೆ ಏನು ಹೇಳಬೇಕೆಂದು ತಿಳಿಯದೆ ಮಗನನ್ನು ಕೇಳಿದರಂತೆ. ಇನ್ನಷ್ಟು ಅಳೆಯುವುದಿದೆ ಎಂದರಂತೆ ಇವರು. "ನಿನ್ನ ಹಳ್ಳು ಇನ್ನೂ ತಣದಿಲ್ಲೇನೋ ಬಾಳಾ?" ಎಂದು ಕಾಕೂ ಬಾಗಿಲಲ್ಲೇ ನಿಂತು ಕೇಳಿದ್ದನ್ನು ಅವರು ನನಗೆ ಅಭಿನಯಿಸಿ ತೋರಿಸಿದ್ದರು.

ಅ‍ವರು ಅಳತೆಯನ್ನು ಬಿಡಲಿಲ್ಲ. ಪದವಿಯ ಗೊಡವೆ ಹೋದದ್ದರಿಂದ ಕೆಲಸ ಹಗುರಾಯಿತೆಂದೇ ಹೇಳುತ್ತಿದ್ದರು. ಉಳಿದದ್ದು ಒಂದೇ ತೊಡಕು: ಹರಳು ನಿಧಾನ ತಣಿಯಬೇಕು, ಆಯಿ ಬೆಳಕಿರುವಾಗ ಉಣ್ಣಬೇಕು. ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಗೋಡೆಗೆ ಹೊಡೆದ ಒಂದು ಮೊಳೆ. ಕೋಲನ್ನು ಅರ್ಧ ದಾರಿಗೆ ಇಳಿಸಿ, ದಾರವನ್ನು ಮೊಳೆಗೆ ಬಿಗಿದು, ಬಾಗಿಲು ಎಳೆದುಕೊಂಡು ಮನೆಗೆ ಹೋಗುವುದು. ತಾಯಿಯೊಂದಿಗೆ ಕುಳಿತು ಉಣ್ಣುವುದು. ತಿರುಗಿ ಬಂದು ದಾರ ಬಿಚ್ಚಿ, ಅಲ್ಲಿಂದ ಮುಂದಕ್ಕೆ ಇಳಿಸುವುದು. ಅಷ್ಟು ಹೊತ್ತು ಹರಳು ಕ್ಯಾನಿನ ಕೊರಳಿನ ತಣ್ಣನೆಯ ಆವಿಯಲ್ಲಿ, ಹೆಚ್ಚು ಏರದೆ ಹೆಚ್ಚು ಇಳಿಯದೆ ತೂಗಿಕೊಂಡಿರುತ್ತಿತ್ತು. ತಣಿಸಲು ಶುರುಮಾಡಿದರೆ ಮುಗಿಸಿಯೇ ಏಳಬೇಕೆಂಬುದು ನಮ್ಮ ಕಸುಬಿನಲ್ಲಿ ಯಾರೂ ಪ್ರಶ್ನಿಸದ ರೂಢಿ. ಎಲ್ಲಿಯೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಅದನ್ನು ಮುರಿಯಲು ಒಂದು ಮೊಳೆ ಸಾಕಾಯಿತು.

ಹೀಗೆ ತಣಿಸಿದ ಮೊದಲ ಒಳ್ಳೆಯ ಹರಳು ಗ್ರಹಣದ ಹರಳು. ಇದು ೧೯೯೯ರ ಆಗಸ್ಟಿನ ಸೂರ್ಯಗ್ರಹಣ, ಸಂಜೆಯ ಹೊತ್ತಿನದು. ಗೋಕಾಕದಲ್ಲಿ ಮೋಡ ಕವಿದು ಏನೂ ಕಾಣಲಿಲ್ಲವೆಂದು ಅವರು ಫೋನಿನಲ್ಲಿ ಹೇಳಿದ್ದರು. ನಾನು ಆ ಮನೆಯಲ್ಲಿ ಉಂಡದ್ದು ಅದರ ಹಿಂದಿನ ಚಳಿಗಾಲ. ಮೇಲಿನ ತಾರೀಖಿನ ಆಧಾರ ಇದು.

ಫಲಿತಾಂಶ ಏನಾಯಿತೆಂದು ಕೇಳುವವರಿಗೆ: ಹಾಳೆಗಳು ನಿಜಕ್ಕೂ ಹಾಳೆಗಳೇ. ಚಳಿಗಾಲದ ಹರಳುಗಳ ಉತ್ಪ್ರೇಕ್ಷೆ ಹೋಯಿತು, ಆದರೆ ಎರಡು ಆಯಾಮದ ಗುಣ ಹೋಗಲಿಲ್ಲ. ತಣಿದಂತೆಲ್ಲ ಹಾಳೆಯ ಉದ್ದಕ್ಕೆ ರೋಧ ಇಳಿಯುತ್ತಿತ್ತು, ಅಡ್ಡಕ್ಕೆ ಏರುತ್ತಿತ್ತು. ಒಂದೇ ಹರಳು, ಒಂದೇ ಥಂಡಿ. ಅತಿವಾಹಕತೆ ಬರುವ ತುಸು ಮೊದಲಿನ ಕಿರಿದಾದ ಉಷ್ಣತೆಯ ಅಂತರವನ್ನು ಅವರು ಬಹಳ ಪ್ರೀತಿಯಿಂದ ಅಳೆದರು. ಅಲ್ಲಿ ಪ್ರತಿ ಹಾಳೆಯೂ ನೆರೆಯ ಹಾಳೆಯ ಸುದ್ದಿಯಿಲ್ಲದೆ ತನ್ನಷ್ಟಕ್ಕೆ ಸಿದ್ಧವಾಗುತ್ತಿರುತ್ತದೆ. ಇನ್ನೂ ತಣಿದಾಗ ಮಾತ್ರ ಒಂದರ ಕೈ ಇನ್ನೊಂದಕ್ಕೆ ಸಿಗುತ್ತದೆ. "ಮೊದಲ ತಮ್ಮ ತಮ್ಮ ಮನ್ಯಾಗ ದೀಪಾ ಹಚ್ಚತಾವ್ರಿ, ಆಮ್ಯಾಲೆ ಓಣಿ ಬೆಳಗತೈತಿ" ಎಂದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಇದೆಲ್ಲ ಜಗತ್ತಿನ ಬೇರೆ ಪ್ರಯೋಗಶಾಲೆಗಳಲ್ಲಿ ಆಗಲೇ ತಿಳಿದಿದ್ದ ಸಂಗತಿ. ಅವರ ಪುಟ್ಟ ಲೇಖನ ಪ್ರಕಟವಾದಾಗ ಯಾರೂ ಬೆರಗಾಗಲಿಲ್ಲ. ಸರಿಯಾಗಿದೆ ಎಂಬುದೊಂದೇ ಅದರ ಗುಣ, ಅವರಿಗೆ ಅಷ್ಟೇ ಬೇಕಾಗಿತ್ತು.

ಬಸ್ಸಿನಲ್ಲಿ ಮತ್ತೆ ಯಾರೋ ಡಾಕ್ಟರ್ ಸಾಹೇಬ್ರ ಎಂದು ಕರೆದಾಗ ನಾನು ಜೊತೆಗಿದ್ದೆ. ಈ ಸಲ ಅವರು ತಿದ್ದಲಿಲ್ಲ. ನನ್ನ ಕಡೆ ಬಾಗಿ, "ಇರ್ಲಿ ಬಿಡ್ರಿ, ಈ ಬಸ್ಸಿನ್ಯಾಗಷ್ಟ ಸಿಕ್ಕೇತಿ" ಎಂದರು. ಎಮ್ಮೆಯ ಮಾಲೀಕರಿಗೆ ದನದ ದವಾಖಾನೆಯ ಕಂಪೌಂಡರರ ಹೆಸರು ಹೇಳಿ, ಯಾವ ಹೊತ್ತಿಗೆ ಸಿಗುತ್ತಾರೆಂದೂ ತಿಳಿಸಿದರು.

ಮತ್ತೊಂದು ಚಳಿಗಾಲದಲ್ಲಿ ನಾನು ಹೋದಾಗ ಕಾಕೂ ಜಗುಲಿಯ ಮೇಲೆ ಕಾಲು ನೀಡಿ ಕುಳಿತಿದ್ದರು. ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಮೊದಲಿನಂತೆಯೇ. ರಸ್ತೆಯ ತಿರುವಿನಲ್ಲಿ ಮಗ ಕಾಣಿಸಿಕೊಂಡರು. ಕೈಯಲ್ಲಿ ಚೀಲ ಆಡಿಸುತ್ತ, ಯಾರನ್ನೋ ಮಾತನಾಡಿಸುತ್ತ, ನಿಧಾನವಾಗಿ ಬರುತ್ತಿದ್ದರು. ಅತ್ತ ಕಾಲೇಜಿನ ಕೋಣೆಯಲ್ಲಿ ದಾರ ಮೊಳೆಗೆ ಬಿಗಿದಿತ್ತೆಂಬುದು ನನಗೆ ಗೊತ್ತಿತ್ತು.

"ಈಗ ಚಳಿಗಾಲದಾಗೂ ನಡ್ಕೋಂತನ ಬರ್ತಾನ ನೋಡ ತಮ್ಮಾ," ಎಂದರು ಕಾಕೂ, ದನಿ ತಗ್ಗಿಸಿ. "ವಯಸ್ಸಾತು ಅವಂಗ. ಅವನ ಮುಂದ ಅನಬ್ಯಾಡ ಮತ್ತ, ಸಣ್ಣ ಮಾರಿ ಮಾಡ್ತಾನ."

ಹೀಗೆ ನಾನು ಇಬ್ಬರಿಗೂ ಮಾತು ಕೊಟ್ಟವನಾದೆ.

ಕಾಕೂ ತೀರಿಕೊಂಡದ್ದು ೨೦೦೩ರಲ್ಲೋ ೨೦೦೪ರಲ್ಲೋ ನಿಶ್ಚಯವಿಲ್ಲ. ಆಗ ನಾನು ದೂರದಲ್ಲಿದ್ದೆ, ಯಾವ ಗ್ರಹಣವೂ ನೆರವಿಗೆ ಬರುವುದಿಲ್ಲ. ಮುಂದಿನ ಸಲ ಗೋಕಾಕಕ್ಕೆ ಹೋದಾಗ ಪ್ರಯೋಗದ ನಡುವೆಯೇ ಅವರು ಎದ್ದು ದಾರವನ್ನು ಮೊಳೆಗೆ ಬಿಗಿದರು. ಹೊರಗೆ ಬಿಸಿಲು ಓರೆಯಾಗಿತ್ತು. ಮನೆಯಲ್ಲಿ ಈಗ ಕಾಯುವವರಿಲ್ಲವಲ್ಲ, ಮುಗಿಸಿಯೇ ಹೋಗೋಣ ಎಂದೆ. ಅವರು ಗಂಟನ್ನು ಇನ್ನೊಮ್ಮೆ ಬಿಗಿದು ನೋಡಿದರು.

"ಹರಳಿಗೆ ರೂಢಿ ಆಗೇತ್ರಿ" ಎಂದರು.

ನಿವೃತ್ತರಾದ ಮೇಲೆ ಹುಕ್ಕೇರಿಯ ಮನೆಗೆ ಹೋಗಿ ನೆಲೆಸಿದರು. ಅಲ್ಲಿ ಒಮ್ಮೆ ಭೇಟಿಯಾದೆ. ಎರವಲು ತಂದ ಯಂತ್ರಗಳನ್ನೆಲ್ಲ ಹಿಂದಿರುಗಿಸಿ, ಉಳಿದ ಹರಳುಗಳನ್ನು ಕಾಲೇಜಿಗೆ ಬಿಟ್ಟು, ಒಂದನ್ನು ಮಾತ್ರ ತಂದಿಟ್ಟುಕೊಂಡಿದ್ದರು. ಅದೇ ಹಳೆಯ ಕಡ್ಡಿಪೆಟ್ಟಿಗೆ, ಅದೇ ಹತ್ತಿ. ಗ್ರಹಣದ ಹರಳೇ ಎಂದು ಕೇಳಿದೆ. ಅಲ್ಲ, ಅಕ್ಷಯ ತದಿಗೆಯದು. ಒಳಗೆ ಸೀಳು ಬಿದ್ದು ಅಳತೆಗೆ ಬಾರದ ಹರಳನ್ನು ಯಾಕೆ ಇಟ್ಟುಕೊಂಡಿರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಬೆರಳಿನಿಂದ ಪೆಟ್ಟಿಗೆಯನ್ನು ಮುಚ್ಚುತ್ತ, "ಇದು ಆಯೀದು" ಎಂದಷ್ಟೇ ಹೇಳಿದರು.

ಅವರು ಹೋದ ಸುದ್ದಿ ಈಚೆಗೆ ಅವರ ಹಳೆಯ ವಿದ್ಯಾರ್ಥಿಯೊಬ್ಬರಿಂದ ತಿಳಿಯಿತು. ಆ ವಿದ್ಯಾರ್ಥಿ ಹೇಳಿದ ದಿನಕ್ಕೂ ಹುಕ್ಕೇರಿಯ ಸಂಬಂಧಿಕರು ಹೇಳಿದ ದಿನಕ್ಕೂ ಒಂದು ದಿನದ ವ್ಯತ್ಯಾಸವಿದೆ. ಜೀವನದಲ್ಲಿ ಮೊದಲ ಬಾರಿ, ಅದನ್ನು ತಾಳೆ ನೋಡಬೇಕೆಂದು ನನಗೆ ಅನ್ನಿಸಲಿಲ್ಲ.

ನನಗೆ ತಿಳಿಯಬೇಕೆನ್ನಿಸಿದ್ದು ಬೇರೊಂದು. ಬೆಂಗಳೂರಿನ ನನ್ನ ಪ್ರಯೋಗಶಾಲೆಯಲ್ಲಿ ತಣಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ, ನಾನು ಅದರ ಕಾರ್ಯಕ್ರಮದಲ್ಲಿ ಅರ್ಧ ದಾರಿಗೆ ಒಂದು ತಂಗುವಿಕೆಯನ್ನು ಸೇರಿಸಿದ್ದೆ. ಆ ಉಷ್ಣತೆಯಲ್ಲಿ ಹರಳಿಗೆ ಆಗುವುದೇನೂ ಇಲ್ಲ. ಯಂತ್ರವೇ ನಿಧಾನವಾಗಿ ತಣಿಸುವಾಗ ನಿಲ್ಲಿಸುವ ಅಗತ್ಯವೂ ಇಲ್ಲ. ವಿದ್ಯಾರ್ಥಿಗಳು ಕಾರಣ ಕೇಳಿದರೆ, ಅನುಭವಿಗಳೊಬ್ಬರ ಪದ್ಧತಿ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಈಗ ಅಲ್ಲಿ ಆ ಕೆಲಸ ನೋಡಿಕೊಳ್ಳುತ್ತಿರುವ ಹುಡುಗಿ ನನ್ನನ್ನು ಕಂಡವಳೇ ಅಲ್ಲ. ಅವಳಿಗೆ ಫೋನು ಮಾಡಿ, ನಡುವಿನ ಆ ತಂಗುವಿಕೆ ಇನ್ನೂ ಇದೆಯೇ, ತೆಗೆದುಹಾಕಿದ್ದೀರಾ ಎಂದು ಕೇಳಿದೆ.

"ಇದೆ ಸರ್," ಎಂದಳು. "ಯಾಕಿದೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಆದ್ರೆ ಅಷ್ಟರಲ್ಲಿ ನಾವೆಲ್ಲ ಊಟ ಮಾಡ್ಕೊಂಡು ಬರ್ತೀವಿ."

ಹಾಗೆಯೇ ಇರಲಿ ಎಂದು ಹೇಳಿ ಫೋನು ಇಟ್ಟೆ. ಹೊರಗೆ ಇನ್ನೂ ಬಿಸಿಲಿತ್ತು. ನಾನು ಎದ್ದು ತಟ್ಟೆ ಹಾಕಿಕೊಂಡೆ.